ದಲಾಲರಿಲ್ಲದ ಪೇಟೆ

ಚಿಕ್ಕೋಡಿಯ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತದ ಶಿಕ್ಷಕಿ. ಅಲ್ಲಿಯೇ ನನ್ನ ಗೆಳೆಯರೊಬ್ಬರು ವಿಜ್ಞಾನ ಕಲಿಸುತ್ತಿದ್ದರು. ಹದಿನೆಂಟು ವರ್ಷ ನಾವಿಬ್ಬರೂ ಪ್ರಯೋಗಶಾಲೆಯ ಒಂದೇ ಮೇಜಿನ ಮೇಲೆ ಬುತ್ತಿ ಬಿಚ್ಚಿದವರು. ನಾವು ಜೈನರು ಉಳ್ಳಾಗಡ್ಡಿ, ಬೆಳ್ಳುಳ್ಳಿ ತಿನ್ನುವುದಿಲ್ಲವೆಂದು ಅವರ ಹೆಂಡತಿ ರಾಯಬಾಗದ ತಮ್ಮ ಮನೆಯಿಂದ ನನಗಾಗಿ ಬೇರೆ ಡಬ್ಬಿಯಲ್ಲಿ ಪಲ್ಯ ಕಳಿಸುತ್ತಿದ್ದರು. ನನ್ನ ತಂದೆ ತೀರಿಕೊಂಡ ದಿನ ಬೇಡಕಿಹಾಳದ ನಮ್ಮ ಮನೆಗೆ ಊರವರಿಗಿಂತ ಮೊದಲು ಬಂದು ನಿಂತವರೂ ಅವರೇ. ಮದುವೆಯಾಗದೆ ಉಳಿದ ನನಗೆ ಗೆಳೆಯ ಎಂಬ ಶಬ್ದಕ್ಕೆ ಬೇರೆ ಅರ್ಥವಿರಲಿಲ್ಲ.

ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಅವರು ಮೊಬೈಲಿನಲ್ಲಿ ಡಿಜಿಟಲ್ ನಾಣ್ಯಗಳ ವ್ಯಾಪಾರ ಕಲಿತರು. ಮೊದಲು ಒಂದು ಕಂಪನಿಯ ಆ್ಯಪ್ ಇತ್ತು. ರೊಕ್ಕ ಹಾಕಿದರೆ ಕಂಪನಿಯೇ ನಾಣ್ಯ ಕೊಂಡು ತನ್ನ ಬಳಿ ಇಟ್ಟುಕೊಳ್ಳುತ್ತಿತ್ತು. ಶಾಲೆ ತೆರೆದ ಮೇಲೆ ಒಂದು ಮುಂಜಾನೆ ಆ ಆ್ಯಪ್ ಯಾರಿಗೂ ಹಣ ಹಿಂದೆ ಕೊಡುವುದನ್ನು ನಿಲ್ಲಿಸಿಬಿಟ್ಟಿತು. ಅವರು ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. ನಾನು ರಾಯಬಾಗಕ್ಕೆ ಹೋಗಿ ಸಮಾಧಾನ ಹೇಳಿ ಬಂದೆ.

"ಮಂದಿ ಪೆಟ್ಟಿಗ್ಯಾಗ ನಮ್ಮ ರೊಕ್ಕ ಇಟ್ರ ಹಿಂಗ ಆಗೂದ್ರಿ ಅಕ್ಕೋರ" ಎಂದರು. "ಇನ್ನ ಮುಂದ ಯಾರನ್ನೂ ನಂಬೂದು ಬ್ಯಾಡ."

ಅದಾದ ಮೇಲೆ ಅವರು ಹೊಸದೊಂದನ್ನು ಹುಡುಕಿ ತಂದರು. ಅಲ್ಲಿ ಕಂಪನಿ ಇಲ್ಲ, ಕಚೇರಿ ಇಲ್ಲ, ಮ್ಯಾನೇಜರ್ ಇಲ್ಲ. ನಮ್ಮ ನಾಣ್ಯ ಮೊಬೈಲಿನೊಳಗಿನ ನಮ್ಮದೇ ಕಿಸೆಯಲ್ಲಿ. ಆ ಕಿಸೆಯ ಬೀಗ ನಮಗೆ ಮಾತ್ರ ಗೊತ್ತಿರುವ ಹನ್ನೆರಡು ಶಬ್ದಗಳು. ವ್ಯಾಪಾರ ನಡೆಸುವುದು ಒಂದು ಕೋಡ್, ಯಾರು ಬೇಕಾದರೂ ಓದಬಹುದಾದ ಕೋಡ್. ಯಾರನ್ನೂ ನಂಬಬೇಕಾಗಿಲ್ಲ ಎಂಬ ಪಾಠವನ್ನು ನಾನು ಅವರನ್ನು ನಂಬಿ ಕಲಿತೆ. ನನ್ನ ಕಿಸೆ ತೆರೆದಾಗ ಅದರಲ್ಲಿ ಮೊದಲ ವ್ಯವಹಾರದ ಶುಲ್ಕಕ್ಕೆ ಬೇಕಾದ ಚಿಟಿಕೆಯಷ್ಟು ನಾಣ್ಯವನ್ನು ತಮ್ಮ ಕಿಸೆಯಿಂದ ಅವರೇ ಕಳಿಸಿದರು. ಅದು ಬಂದ ಅವರ ಕಿಸೆಯ ಉದ್ದನೆಯ ವಿಳಾಸವನ್ನು ನಾನು ಡೈರಿಯಲ್ಲಿ ಅಕ್ಷರ ಅಕ್ಷರವಾಗಿ ಬರೆದುಕೊಂಡೆ. ಗಣಿತದವರ ಚಟ.

ನನ್ನನ್ನು ಗೆದ್ದದ್ದು ಆದಾಯವಲ್ಲ, ಅದರ ಲೆಕ್ಕ. ಮೊದಮೊದಲ ಇಂಥ ಪೇಟೆಗಳಲ್ಲಿ ಮಾರುವವನು ದರ ಬರೆದಿಟ್ಟು ಕೊಳ್ಳುವವನಿಗಾಗಿ ದಿನಗಟ್ಟಲೆ ಕಾಯಬೇಕಿತ್ತಂತೆ. ಆಮೇಲೆ ಯಾರಿಗೋ ಎರಡು ರಾಶಿಗಳ ಉಪಾಯ ಹೊಳೆಯಿತು. ಇಲ್ಲಿ ಬೆಲ್ಲದ ರಾಶಿ, ಅಲ್ಲಿ ಶೇಂಗಾದ ರಾಶಿ ಎಂದುಕೊಳ್ಳಿ. ಪೇಟೆ ತೆರೆಯುವವನು ಎರಡನ್ನೂ ಮೊದಲು ಸುರಿದಿಡುತ್ತಾನೆ. ಬೆಲ್ಲ ಬೇಕಾದವನು ಶೇಂಗಾ ಸುರಿದು ಬೆಲ್ಲ ಒಯ್ಯಬೇಕು. ಎರಡೂ ರಾಶಿಗಳ ಗುಣಲಬ್ಧ ಮಾತ್ರ ಬದಲಾಗಕೂಡದು. ಬೆಲ್ಲ ಕಡಿಮೆಯಾದಷ್ಟೂ ಅದರ ದರ ತಾನಾಗಿಯೇ ಏರುತ್ತದೆ. ಹರಾಜಿಲ್ಲ, ದಲಾಲನಿಲ್ಲ. ಇಷ್ಟು ಸರಳವಾದ ಸಮೀಕರಣ ಒಂದು ಪೇಟೆಯನ್ನೇ ಹೊತ್ತು ನಿಂತಿದೆಯಲ್ಲ ಎಂದು ನನಗೆ ರೋಮಾಂಚನವಾಯಿತು.

ಒಂದು ದಿನ ಬುತ್ತಿ ಉಣ್ಣುವಾಗ ಅವರು ಹೊಸ ನಾಣ್ಯದ ಸುದ್ದಿ ತೆಗೆದರು. ನಮ್ಮ ಗಡಿಭಾಗದ ಕಬ್ಬು, ದ್ರಾಕ್ಷಿ ಬೆಳೆಗಾರರಿಗಾಗಿ ಪುಣೆಯ ಕೆಲವರು ಮಾಡಿದ್ದಾರೆ, ಈಗ ಕೊಂಡವರಿಗೆ ಚಲೋ ಎಂದರು. ನಾನು ರೊಕ್ಕ ಹಾಕಿದೆ. ಏರಿತು. ಏರಿದ್ದನ್ನು ಬೇಡಕಿಹಾಳದಲ್ಲಿ ನಮ್ಮ ವೈನಿಗೆ, ಎಂದರೆ ಅಣ್ಣನ ಹೆಂಡತಿಗೆ ಹೇಳಿದೆ. ಅವಳೂ ಬಸದಿಯ ನಾಲ್ವರು ಹೆಂಗಸರೂ ಶಿಖರ್ಜಿ ಯಾತ್ರೆಗೆಂದು ವರ್ಷಗಳಿಂದ ರೊಕ್ಕ ಕೂಡಿಡುತ್ತಿದ್ದರು. ಒಂದು ರವಿವಾರ ಮಧ್ಯಾಹ್ನ ಐವರನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡು ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ರಾಶಿ ಬರೆದು ತಿಳಿಸಿದೆ.

"ಇದರಾಗ ಯಾರರೆ ಮೋಸ ಮಾಡಾಕ ಬರ್ತೈತೇನು?" ವೈನಿ ಕೇಳಿದಳು.

"ಲೆಕ್ಕ ಮೋಸ ಮಾಡೂದಿಲ್ಲ ವೈನಿ" ಎಂದೆ. ಎಷ್ಟು ಧೈರ್ಯದಿಂದ ಹೇಳಿದ್ದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಐವರೂ ಯಾತ್ರೆಯ ರೊಕ್ಕ ಕೊಟ್ಟರು. ಅದನ್ನೂ ಆ ನಾಣ್ಯಕ್ಕೇ ಹಾಕಿದೆ. ಎರಡು ತಿಂಗಳಾಗಿರಬೇಕು. ಎಂಟನೆಯ ತರಗತಿ ಮುಗಿಸಿ ಬಂದು ಮೊಬೈಲ್ ನೋಡಿದರೆ ರಾಶಿಗಳೇ ಇರಲಿಲ್ಲ. ನಮ್ಮ ಒಳ್ಳೆಯ ಹಣ ಹೋಗಿ ಬಿದ್ದಿದ್ದ ರಾಶಿಯೂ ಸೇರಿ ಎರಡನ್ನೂ ಯಾರೋ ಒಂದೇ ಸಲಕ್ಕೆ ಎತ್ತಿಕೊಂಡಿದ್ದರು. ಉಳಿದದ್ದು ನಮ್ಮ ಕಿಸೆಯಲ್ಲಿದ್ದ, ಇನ್ನು ಯಾರೂ ಕೊಳ್ಳದ ಹೊಸ ನಾಣ್ಯ. ಸಮೀಕರಣ ಸರಿಯಾಗಿಯೇ ಇತ್ತು. ಆದರೆ ಮೊದಲು ರಾಶಿ ಸುರಿದವನಿಗೆ ಅದನ್ನು ಬಾಚಿಕೊಂಡು ಹೋಗುವ ದಾರಿಯೂ ಇರುತ್ತದೆಯೇ ಎಂದು ನಾನು ಕೇಳಿರಲಿಲ್ಲ.

ಪ್ರಯೋಗಶಾಲೆಗೆ ಓಡಿದೆ. ಅವರು ಎರಡೂ ಕೈಯಲ್ಲಿ ತಲೆ ಹಿಡಿದು ಕುಳಿತಿದ್ದರು.

"ನಂದೂ ಹೋತ್ರಿ ಅಕ್ಕೋರ" ಎಂದವರೇ ಅತ್ತುಬಿಟ್ಟರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ನನ್ನ ದುಃಖ ಬದಿಗಿಟ್ಟು ಅವರಿಗೆ ನೀರು ಕೊಟ್ಟೆ. ನನ್ನ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ಬಲವಂತವಾಗಿ ತಿನ್ನಿಸಿದೆ.

ಬೇಸಿಗೆ ರಜೆಯಲ್ಲಿ ಸುಮ್ಮನಿರಲಾಗದೆ ಆ ಪೇಟೆಯ ದಾಖಲೆ ತೆರೆದು ಕುಳಿತೆ. ಅದು ಎಲ್ಲರಿಗೂ ಕಾಣುವ ದಾಖಲೆ, ಯಾರೂ ಅಳಿಸಲಾರರು. ಅಲ್ಲಿ ಹೆಸರುಗಳಿಲ್ಲ, ಉದ್ದುದ್ದ ವಿಳಾಸಗಳು ಮಾತ್ರ. ರಾಶಿ ಎತ್ತಿದ ವಿಳಾಸ ಹೊಸದು. ಆದರೆ ಹೊಸ ಕಿಸೆಗೂ ಮೊದಲ ಶುಲ್ಕವನ್ನು ಯಾರಾದರೂ ಕಳಿಸಲೇಬೇಕು. ಕಳಿಸಿದ ವಿಳಾಸವನ್ನು ನೋಡಿದೆ. ಎಲ್ಲೋ ಕಂಡಂತಿತ್ತು. ಎದ್ದು ಡೈರಿ ತಂದು ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸಿದೆ. ಕೊನೆಯ ಅಕ್ಷರದವರೆಗೂ ಅದು ಬೇರೆಯಾಗಲಿ ಎಂದೇ ಬೇಡಿಕೊಂಡೆ. ಬೇರೆಯಾಗಿರಲಿಲ್ಲ.

ಮರುದಿನ ಮುಂಜಾನೆಯ ಬಸ್ಸಿಗೆ ರಾಯಬಾಗಕ್ಕೆ ಹೋದೆ. ಅವರ ಹೆಂಡತಿ "ಬರ್ರಿ ಅಕ್ಕೋರ, ರಜೆದಾಗ ನೆನಪಾತೇನ್ರಿ?" ಎನ್ನುತ್ತ ಚಹಾ ಇಡಲು ಒಳಗೆ ಹೋದರು. ನಾನು ಡೈರಿಯನ್ನೂ ಬರೆದು ತಂದಿದ್ದ ವಿಳಾಸವನ್ನೂ ಗೆಳೆಯರ ಮುಂದಿಟ್ಟೆ. ಅವರು ಓದಲೂ ಇಲ್ಲ.

"ನಾ ಯಾರ ಕಿಸೆದಾಗೂ ಕೈ ಹಾಕಿಲ್ರಿ" ಎಂದರು ಮೆಲ್ಲಗೆ. "ಕೋಡ್ ಎಲ್ಲಾರಿಗೂ ಕಾಣೂ ಹಂಗ ಇತ್ತು. ರಾಶಿ ತಗೀಬಹುದು ಅಂತ ಅದರಾಗ ಬರದಿತ್ತು. ಓದಿ ಹಾಕಬೇಕಿತ್ತು."

"ನಾ ನಿಮ್ಮ ಮಾರಿ ನೋಡಿ ಹಾಕಿದ್ದೆನ್ರಿ ಸರ್."

ಅವರು ನೆಲ ನೋಡಿದರು. "ಆ ಮೊದಲಿನ ಆ್ಯಪಿನ್ಯಾಗ ನಂದು ಹೋದಾಗ ಯಾರ ಬಂದಿದ್ರು? ಯಾರ ತಂದ ಕೊಟ್ರು?"

"ನಾ ಬಂದಿದ್ದೆ."

ನಾನು ಕೇಳಲು ಹೋಗಿದ್ದು ರೊಕ್ಕವನ್ನಲ್ಲ. "ಆ ದಿನ ಅತ್ತಿದ್ದು ಯಾಕ್ರಿ?" ಎಂದು ಕೇಳಿದೆ.

"ಅಳು ಖರೇನ ಬಂದಿತ್ರಿ" ಎಂದರು.

ಚಹಾ ಬರುವ ಮೊದಲೇ ಎದ್ದು ಬಂದೆ. ಅವರ ಹೆಂಡತಿಗೆ ಮುಖ ತೋರಿಸಲು ನನಗೇ ನಾಚಿಕೆಯಾಯಿತು, ತಪ್ಪು ನನ್ನದೇ ಎಂಬಂತೆ.

ಪೊಲೀಸರಿಗೆ ದೂರು ಕೊಟ್ಟೆ. "ಕಂಪನಿ ಹೆಸರೇನ್ರಿ? ಆಫೀಸ ಎಲ್ಲೈತಿ?" ಎಂದು ಕೇಳಿದರು. ಕಂಪನಿಯೇ ಇಲ್ಲ ಎಂದಾಗ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಕೊನೆಗೆ ನನ್ನ ಗೆಳೆಯರ ಹೆಸರನ್ನು ನಾನೇ ಹೇಳಿ ಬರೆಸಬೇಕಾಯಿತು. ವಿಚಾರಣೆ ಇನ್ನೂ ಮುಗಿದಿಲ್ಲ. ಗೆಳೆಯರು ಸ್ವಯಂನಿವೃತ್ತಿ ಪಡೆದು ಹೋದರು.

ವೈನಿಗೆ ಎಲ್ಲವನ್ನೂ ಹೇಳಿದೆ. ಅವಳು ಅವರನ್ನು ಬೈಯುತ್ತಾಳೆ ಎಂದುಕೊಂಡಿದ್ದೆ.

"ಅವ ಯಾವನೋ, ನಾ ಅವನ ಮಾರಿನೂ ನೋಡಿಲ್ಲ" ಎಂದಳು. "ನಾ ರೊಕ್ಕ ಕೊಟ್ಟಿದ್ದು ನಿನ್ನ ಕೈಯಾಗ. ನೀ ನೆಲದ ಮ್ಯಾಲ ಬರದ ತೋರಿಸಿದಿ, ಅದಕ್ಕ ಕೊಟ್ಟೆ."

ನಾನು ರಾಯಬಾಗದಲ್ಲಿ ಆಡಿದ ಮಾತನ್ನೇ ಅವಳು ನನಗೆ ಆಡಿದ್ದಳು. ಸಂಬಳದಿಂದ ಐವರ ರೊಕ್ಕವನ್ನೂ ತಿಂಗಳು ತಿಂಗಳು ತಿರುಗಿಸಿದೆ. ಎಲ್ಲರೂ ತೆಗೆದುಕೊಂಡರು. ಇಬ್ಬರು ಮಾತ್ರ ಮತ್ತೆ ಮಾತಾಡಿಸಿದರು. ವೈನಿ ಮಾತಾಡಿಸುತ್ತಾಳೆ, ಆದರೆ ಈಗ ನಾನು ಹೇಳಿದ್ದನ್ನೆಲ್ಲ ಅಣ್ಣನನ್ನೂ ಒಮ್ಮೆ ಕೇಳುತ್ತಾಳೆ.

ಈ ವರ್ಷ ಸಂಬಂಧಿಕರ ಮನೆಯ ಕಾರ್ಯಕ್ಕೆ ಕಾಗವಾಡಕ್ಕೆ ಹೋಗಿದ್ದೆ. ಮರಳುವಾಗ ಬಸ್ ನಿಲ್ದಾಣದಲ್ಲಿ ಆ ಗೆಳೆಯರು ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕುಳಿತಿದ್ದ ಬೆಂಚಿನಲ್ಲೇ ಸ್ವಲ್ಪ ಅಂತರ ಬಿಟ್ಟು ಕುಳಿತರು.

"ಈಗ ರಾಶಿಗೆ ಕೀಲಿ ಹಾಕೂ ಪದ್ಧತಿ ಬಂದೈತ್ರಿ ಅಕ್ಕೋರ" ಎಂದರು ಇದ್ದಕ್ಕಿದ್ದಂತೆ. "ಸುರದಾವಗೂ ಇಷ್ಟು ವರ್ಷ ಅಂತ ತಗ್ಯಾಕ ಬರೂದಿಲ್ಲ. ಕೋಡನ್ನೂ ಬ್ಯಾರೆದವ್ರು ತಪಾಸ ಮಾಡ್ತಾರ. ಆವಾಗಿನ ಹಂಗ ಈಗ ಇಲ್ರಿ."

ಹೇಗೆ ಕೀಲಿ ಹಾಕುತ್ತಾರೆ, ಯಾಕೆ ತೆಗೆಯಲಾಗದು ಎಂಬುದನ್ನು ಬೆಂಚಿನ ಮೇಲೆ ಬೆರಳಿನಿಂದ ಗೆರೆ ಎಳೆದು ವಿವರಿಸಿದರು. ತರಗತಿಯಲ್ಲಿ ಕಲಿಸುತ್ತಿದ್ದಷ್ಟೇ ಚೆನ್ನಾಗಿ ವಿವರಿಸಿದರು. ಒಂದು ಗಳಿಗೆ ನಾನೂ ಎಲ್ಲ ಮರೆತು ಆ ಬೆರಳನ್ನೇ ನೋಡುತ್ತಿದ್ದೆ. ಆ ಕೀಲಿ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಚಿಕ್ಕೋಡಿಯ ಬಸ್ಸು ಬಂತು. ಎದ್ದು ಹೋಗಿ ಹತ್ತಿದೆ.