ಮುಟ್ಟಿದ್ನಾ?

ಆಲೂರು ಸುತ್ತಿನ ಕಾಲೇಜು ಕಬಡ್ಡಿಗೆ ರೆಫರಿ ಅಂದರೆ ಗಿಡ್ಡಯ್ಯ ಮೇಷ್ಟ್ರು. ಅವರ ಸೀಟಿ ಕೇಳಿದರೆ ಕೆ. ಹೊಸಕೋಟೆ ಬಸ್ಸೂ ಬ್ರೇಕ್ ಹಾಕುತ್ತಿತ್ತು. ರೈಡರ್ ಮುಟ್ಟಿದನೋ ಇಲ್ಲವೋ ಎಂದು ಗಲಾಟೆಯಾದರೆ ಎದುರು ತಂಡದ ಹುಡುಗನ ಮುಂದೆಯೇ ನಿಂತು, "ನಿಜ ಹೇಳ್ಲಾ, ಮುಟ್ಟಿದ್ನಾ?" ಅನ್ನುತ್ತಿದ್ದರು. ಆ ಮೀಸೆಯೆದುರು ಸುಳ್ಳು ಹೇಳಲು ಯಾರಿಗೂ ನಾಲಿಗೆ ಏಳುತ್ತಿರಲಿಲ್ಲ. ಔಟಾದವನು ತಾನೇ ಕೈಯೆತ್ತಿ ಹೊರಗೆ ನಡೆಯುತ್ತಿದ್ದ. ಒಂದು ವರ್ಷ ಫೈನಲ್‌ಗೆ ಮದುವೆ ವಿಡಿಯೋ ತೆಗೆಯುವ ರಿಹಾನ್ ಕ್ಯಾಮೆರಾ ತಂದ. ಕೊನೇ ರೈಡ್‌ಗೆ ಜಗಳ ಹತ್ತಿತು. ಮೇಷ್ಟ್ರು ಎಂದಿನಂತೆ ಎದುರು ತಂಡದ ಅಭಿಲಾಷನನ್ನು ಕೇಳಿದರು. "ನನ್ನೇನ್ ಕೇಳ್ತೀರಾ ಸಾ, ಕ್ಯಾಮೆರಾದಾಗೈತಲ್ಲ, ನೋಡ್ಕಳಿ" ಅಂದ ಅವನು. ಕ್ಯಾಸೆಟ್ ತಿರುಗಿಸಿ ನೋಡಿದರು. ರೈಡರ್ ಮುಟ್ಟಿದ್ದು ಸ್ಪಷ್ಟವಾಗಿತ್ತು, ಅಭಿಲಾಷನಿಗೆ ಔಟ್ ಕೊಟ್ಟರು. ಆಮೇಲೆ ಸೀಟಿ ಒರೆಸುತ್ತಾ, "ನಿನ್ ಕ್ಯಾಮೆರಾ ಸರ್ಯಾಗೇ ಹೇಳ್ತು ಕಣೋ ರಿಹಾನ್," ಅಂದರು, "ಆದ್ರೆ ಆ ಹುಡ್ಗ ಕೈ ಎತ್ಲಿಲ್ಲ ನೋಡು."