ಚಂದಾ ಕಟ್ಟದ ನಾಗಮಣಿ

ಪಕ್ಕದ ಮನೆಯವರು ಎರಡನೇ ಕಾರು ಕೊಂಡಾಗಲೂ ತಲೆಯೆತ್ತಿ ನೋಡದ ನಾಗಮಣಿಯವರಿಗೆ, ಯಲಹಂಕದ ಕಾಲೇಜಿನ ಲೈಬ್ರೇರಿಯನ್ ಶರ್ವಾಣಿಯನ್ನು ನೆನೆದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಪುಸ್ತಕಗಳನ್ನು ಕ್ಯಾಟಲಾಗ್ ಮಾಡುವ ಹೊಸ ನಿಯಮಗಳೆಲ್ಲ ಈಗ ಇಂಟರ್ನೆಟ್ಟಿನಲ್ಲಿ ಬೀಗದೊಳಗಿವೆ. ವರ್ಷವರ್ಷವೂ ಡಾಲರಿನಲ್ಲಿ ಚಂದಾ ಕಟ್ಟಿದವರಿಗಷ್ಟೇ ಬಾಗಿಲು ತೆರೆಯುತ್ತದೆ. ಶರ್ವಾಣಿಯ ಕಾಲೇಜು ಕಟ್ಟಿದೆ. ನಾಗಮಣಿಯವರು ನೋಡಿಕೊಳ್ಳುವ ಜಾಲಹಳ್ಳಿಯ ಟ್ರಸ್ಟ್ ಲೈಬ್ರರಿಯಲ್ಲಿ ಫ್ಯಾನು ರಿಪೇರಿಗೂ ಮೀಟಿಂಗ್ ಕರೆಯಬೇಕು. "ರೂಲ್ಸ್ ಓದೋಕೂ ದುಡ್ಡಂತೆ ಕಣ್ರೀ, ನಾಳೆ ಅಆಇಈ ಕಲಿಯೋಕೂ ಡಾಲರ್ ಕೇಳ್ತಾರೆ! ಮೂವತ್ತು ವರ್ಷ ಕ್ಯಾಟಲಾಗ್ ಕಾರ್ಡ್ ಬರೆದ ಕೈ ಇದು, ಆ ಹುಡುಗಿಗೇನ್ ಗೊತ್ತು?" ಎಂದು ಪೇಪರ್ ಓದಲು ಬಂದವರ ಮೇಲೆಲ್ಲ ಸಿಡುಕುತ್ತಾರೆ. ಆದರೂ ಪ್ರತಿ ಶನಿವಾರ, ಕರಿಬೇವು ಕೊಡುವ ನೆಪದಲ್ಲಿ ಯಲಹಂಕದ ಬಸ್ಸು ಹತ್ತುತ್ತಾರೆ. "ಕೂತಿರಿ ಮೇಡಂ, ಕಾಫಿ ತರ್ತೀನಿ" ಎಂದು ಶರ್ವಾಣಿ ಎದ್ದಿದ್ದೇ ತಡ, ಅವಳ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿ ಎರಡು ನಿಯಮ ಬಾಯಿಪಾಠ ಮಾಡಿಕೊಂಡು, ವಾಪಸ್ ಬರುವಾಗ ಬಸ್ಸಿನಲ್ಲೇ ಹಳೆಯ ಕಾರ್ಡುಗಳ ಬೆನ್ನಿಗೆ ಬರೆದುಕೊಳ್ಳುತ್ತಾರೆ. ಮೊನ್ನೆ ಶನಿವಾರ ಹೋದರೆ, ಹಿಂದಿನ ವಾರ ತಾವು ನಿಲ್ಲಿಸಿದ್ದ ಕಡೆಯಿಂದಲೇ ಮುಂದಿನ ನಿಯಮ ತೆರೆದಿತ್ತು. ಬಗ್ಗದೆ ಓದುವಂತೆ ಶರ್ವಾಣಿ ಅಕ್ಷರಗಳನ್ನು ದೊಡ್ಡದು ಮಾಡಿಟ್ಟಿದ್ದಳು. ಕಾಫಿಗೆ ಹೋದವಳು ಮುಕ್ಕಾಲು ಗಂಟೆ ಬರಲೇ ಇಲ್ಲ. "ಒಳ್ಳೇತನದಲ್ಲೂ ಇವಳೇ ಮುಂದಿರ್ಬೇಕಾ?" ಎಂದು, ಆವತ್ತು ಬಸ್ಸಿನಲ್ಲಿ ನಾಗಮಣಿಯವರ ಹೊಟ್ಟೆ ಹಿಂದೆಂದೂ ಉರಿಯದಷ್ಟು ಉರಿಯಿತು.