ಮಸಿ ಹಿಡಿಯದ ಮಣೆ

ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ನಾನು ಯಾವತ್ತೂ ನಂಬಿದವನಲ್ಲ. ಹಿರಿಯರ ಹಬ್ಬದ ದಿನ ನಮ್ಮ ಮನೆಯಲ್ಲಿ ತೀರಿಕೊಂಡವರ ಫೋಟೋ ಮುಂದೆ ಮಣೆ ಹಾಕಿ, ಎಲೆಯಲ್ಲಿ ಎಡೆ ಇಟ್ಟು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಜಗಲಿಯಲ್ಲಿ ಕೂರುವ ಪದ್ಧತಿ. ಹಿರಿಯರು ಬಂದು ನಿಧಾನವಾಗಿ ಉಣ್ಣಲಿ ಎಂದು ಅರ್ಧ ಗಂಟೆ ಬಿಡಬೇಕು. ಆಮೇಲೆ ಮನೆಯ ಯಜಮಾನ ಒಂದು ಸಲ ಕೆಮ್ಮಿ ಬಾಗಿಲು ತೆಗೆಯಬೇಕು. ಕೆಮ್ಮು ಕೇಳಿದರೆ ಅವರು ಎದ್ದು ಹೋಗುತ್ತಾರಂತೆ.

ನನಗೆ ಅಷ್ಟು ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿರುತ್ತಿತ್ತು. ಒಳಗೆ ಕಜ್ಜಾಯ, ವಡೆ ಎಲ್ಲ ಆರುತ್ತಾ ಕೂತಿರುವಾಗ ಹೊರಗೆ ಜಗಲಿ ಕಾಯುವುದೆಂದರೆ! ಐದೇ ನಿಮಿಷಕ್ಕೆ ಕೆಮ್ಮಿಬಿಡುತ್ತಿದ್ದೆ. ನನ್ನ ಹೆಂಡತಿ ಜಯ ಕಣ್ಣು ಕೆಂಪಗೆ ಮಾಡಿ, ನಿಮ್ಮಪ್ಪ ಇನ್ನೂ ಕೈ ತೊಳೆದುಕೊಂಡಿರಲ್ಲ ಎಂದು ಗದರುತ್ತಿದ್ದಳು. ನಮ್ಮಪ್ಪ ಉಣ್ಣುವುದರಲ್ಲಿ ಬಹಳ ಚುರುಕು ಬಿಡು ಎಂದು ನಾನು ನಗುತ್ತಿದ್ದೆ.

ನಾನು ಗುಬ್ಬಿಯ ಒಂದು ಸ್ಕೂಲಿನ ಬಸ್ ಡ್ರೈವರ್. ನಮ್ಮೂರು ಗುಬ್ಬಿ ರಸ್ತೆಯಿಂದ ಸ್ವಲ್ಪ ಒಳಕ್ಕಿದೆ. ಊರಿನ ತೆಂಗಿನ ತೋಟಗಳು ಮುಗಿಯುವಲ್ಲಿ ಹಳೇ ಪ್ಲಾಸ್ಟಿಕ್ ಕರಗಿಸಿ, ಮತ್ತೆ ಬಳಸಲು ಸಣ್ಣ ಕಾಳಿನಂತೆ ಮಾಡುವ ಒಂದು ಫ್ಯಾಕ್ಟರಿ ಇತ್ತು. ಜಯ ಅಲ್ಲಿ ಡಬ್ಬ, ಕವರುಗಳನ್ನು ಬಣ್ಣಬಣ್ಣ ಬೇರೆ ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ನನಗಿಂತ ಮೊದಲೇ ಮನೆಗೆ ಬಂದಿರುತ್ತಿದ್ದಳು, ಆದರೆ ಉಂಡಿರುತ್ತಿರಲಿಲ್ಲ. ಬಸ್ಸು ಎಲ್ಲೋ ಕೆಟ್ಟು ನಿಂತು ನಾನು ಎಷ್ಟು ತಡವಾಗಿ ಬಂದರೂ ಅವಳ ತಟ್ಟೆ ಬೋರಲಾಗಿಯೇ ಇರುತ್ತಿತ್ತು. ಎಷ್ಟು ಬೈದರೂ ಕೇಳಿದವಳಲ್ಲ.

ಒಂದು ಮಧ್ಯಾಹ್ನ ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದಳು. ನಾನು ಆವತ್ತು ಮಕ್ಕಳನ್ನು ಟೂರಿಗೆ ಕರೆದುಕೊಂಡು ಹೋಗಿದ್ದೆ. ತುಮಕೂರಿನ ಆಸ್ಪತ್ರೆ ತಲುಪುವ ಹೊತ್ತಿಗೆ ಅವಳ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಆಮೇಲೆ ಒಂದೇ ಒಂದು ದಿನವೂ ಅವಳು ನನ್ನ ಕನಸಿಗೆ ಬರಲಿಲ್ಲ. ಪಕ್ಕದ ಮನೆಯ ಗಂಗಕ್ಕನಿಗೆ ಮಾತ್ರ ವಾರಕ್ಕೊಂದು ಸಲ ಕನಸಲ್ಲಿ ಸಿಕ್ಕಿ ಎಲೆ ಅಡಿಕೆ ಕೇಳುತ್ತಿದ್ದಳಂತೆ. ಇಬ್ಬರೂ ಫ್ಯಾಕ್ಟರಿಯಲ್ಲಿ ಜೊತೆಗೇ ಕೂತು ಕೆಲಸ ಮಾಡಿದವರು, ಇರಬಹುದು. ಆದರೂ ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ಸಲ, ಒಂದೇ ಸಲ ಬಂದರೆ ಸಾಕು ಅನ್ನಿಸುತ್ತಿತ್ತು.

ಅವಳು ಹೋದ ಎರಡನೇ ವರ್ಷದ ಹಬ್ಬ. ತುಮಕೂರಿನ ಸದಾಶಿವನಗರದಲ್ಲಿರುವ ಮಗಳು ಸುಮ ಐದು ತಿಂಗಳ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಅವರಮ್ಮನಿಗೆ ಇಷ್ಟವಾದ ಹುರುಳಿಕಾಳಿನ ಬಸ್ಸಾರು, ಮುದ್ದೆ, ವಡೆ, ಕಜ್ಜಾಯ ಮಾಡಿ, ಹೊಸ ಹಸಿರು ಸೀರೆ ಇಟ್ಟು, ಹಲಸಿನ ಮಣೆಗೆ ಅರಿಶಿನ ಹಚ್ಚಿ ಹಾಕಿದಳು. ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ಆವತ್ತು ನಾನು ಆತುರ ಮಾಡಬಾರದು, ಅರ್ಧ ಗಂಟೆಯಲ್ಲ, ಒಂದು ಗಂಟೆ ಆದರೂ ಕೆಮ್ಮಬಾರದು ಎಂದು ತೀರ್ಮಾನ ಮಾಡಿದ್ದೆ.

ಸಂಜೆ ನಾಲ್ಕರ ಹೊತ್ತು. ಫ್ಯಾಕ್ಟರಿ ಕಡೆಯಿಂದ ಢಂ ಎಂದು ಶಬ್ದ ಬಂತು. ಹಬ್ಬದ ರಜೆ ಇದ್ದದ್ದರಿಂದ ಒಳಗೆ ಯಾರೂ ಇರಲಿಲ್ಲ, ಪುಣ್ಯ. ಆದರೆ ಅಂಗಳದಲ್ಲಿ ಬೆಟ್ಟದಷ್ಟು ಪ್ಲಾಸ್ಟಿಕ್ ಇತ್ತಲ್ಲ, ಅದು ಹತ್ತಿಕೊಂಡಿತು. ಕಪ್ಪು ಹೊಗೆ ತೋಟದ ಮೇಲಿಂದ ಹಾಯ್ದು ಊರೊಳಗೆ ಇಳಿಯಿತು. ಎದುರು ಮನೆ ಕಾಣದಷ್ಟು ಕತ್ತಲಾಯಿತು. ಕೂಸು ಅಳುತ್ತಾ ಅಳುತ್ತಾ ಉಸಿರು ಕಟ್ಟಿ ನೀಲಿಯಾಗತೊಡಗಿತು. ಎಲ್ಲರೂ ಊರು ಬಿಡಿ ಎಂದು ಪಂಚಾಯ್ತಿಯವರು ಕೂಗಿಕೊಂಡು ಬಂದರು. ನನ್ನ ಬಸ್ಸು ಮನೆ ಮುಂದೆಯೇ ನಿಂತಿತ್ತು. ಜನ ಹತ್ತಿ ತುಂಬಿಕೊಂಡರು.

ನಾನು ಸ್ಟಿಯರಿಂಗ್ ಹತ್ತಿರ ಹೋದಾಗ ಗಂಗಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನನ್ನ ತೋಳು ಹಿಡಿದಳು. "ಎಡೆ ಇನ್ನೂ ಒಳಗೈತೆ ಕಣಪ್ಪ. ಒಂದ್ಸಲ ಕೆಮ್ಮಿ ಬಾಗ್ಲು ತೆಗ್ದುಬುಡು, ಎದ್ದೋಗ್ಲಿ ಪಾಪ."

ಓಡಿ ಹೋಗಿ ಚಿಲಕಕ್ಕೆ ಕೈ ಹಾಕಿದೆ. ಬಸ್ಸಿನ ಕಿಟಕಿಯಿಂದ ಸುಮ ಚೀರಿದಳು. "ಅಪ್ಪ, ಮಗ ಉಸಿರಾಡ್ತಿಲ್ಲ, ಬಾರಪ್ಪ."

ಹಾಗೇ ಬೀಗ ಜಡಿದು ಬಂದುಬಿಟ್ಟೆ. ಕೆಮ್ಮಲಿಲ್ಲ. ಗುಬ್ಬಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಮೇಲೆ ಕೂಸು ಕಣ್ಣು ಬಿಟ್ಟಿತು. ಊರಿನವರೆಲ್ಲ ನಮ್ಮ ಸ್ಕೂಲಿನ ರೂಮುಗಳಲ್ಲಿ ಮಲಗಿದರು. ತುಮಕೂರಿನಿಂದ, ಕುಣಿಗಲ್ಲಿನಿಂದ ಫೈರ್ ಎಂಜಿನ್ ಬಂದರೂ ಬೆಂಕಿ ಆರುವುದಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನ ನನ್ನ ತಲೆಯಲ್ಲಿದ್ದದ್ದು ಹೊಗೆಯೊಳಗೆ ಅವಳನ್ನು ಕೂಡಿಹಾಕಿ ಬಂದೆನಲ್ಲ ಎನ್ನುವುದೊಂದೇ. ನಂಬದವನಿಗೆ ಈ ಸಂಕಟ ಯಾಕಯ್ಯ ಎಂದು ನೀವು ಕೇಳಬಹುದು. ಆಸ್ಪತ್ರೆಗೂ ತಡವಾಗಿ ಹೋದವನು, ಈಗ ಇದೂ ಹೀಗಾಯಿತಲ್ಲ ಎಂದು ಒದ್ದಾಡಿದೆ.

ಮೂರನೇ ದಿನ ಊರಿಗೆ ಬಂದೆವು. ತೆಂಗಿನ ಗರಿ, ಹುಲ್ಲಿನ ಬಣವೆ, ನೀರಿನ ತೊಟ್ಟಿ, ಕಟ್ಟಿದ ದನಗಳ ಬೆನ್ನು ಎಲ್ಲವೂ ಕಪ್ಪು. ಮುಟ್ಟಿದರೆ ಕೈಗೆ ಜಿಡ್ಡುಜಿಡ್ಡು ಮಸಿ. ನಾನು ಬಾಗಿಲ ಮುಂದೆ ನಿಂತು ಕೆಮ್ಮಿ, ಬೀಗ ತೆಗೆದೆ. ಹೆಂಚಿನ ಸಂದಿನಿಂದ ಮಸಿ ಒಳಗೂ ಸುರಿದಿತ್ತು. ನೆಲ ಕಪ್ಪು, ಫೋಟೋ ಕಪ್ಪು, ಹಸಿರು ಸೀರೆ ಕಪ್ಪು. ಎಲೆಯಲ್ಲಿ ಬಡಿಸಿದ ಮುದ್ದೆ ಇಟ್ಟ ಹಾಗೇ ಇತ್ತು, ಅದರ ಮೇಲೂ ಮಸಿ.

ಮಣೆಯ ಅಂಚಿಗೂ ಮಸಿ ಹಿಡಿದಿತ್ತು. ಆದರೆ ನಡುವೆ ಒಬ್ಬರು ಕೂರುವಷ್ಟು ಜಾಗ ಮಾತ್ರ ಹಾಗೇ ಇತ್ತು. ಸುಮ ಹಚ್ಚಿದ ಅರಿಶಿನ ಹಳದಿಯಾಗಿ ಕಾಣುತ್ತಿತ್ತು. ಬೆರಳಿನಿಂದ ಸವರಿ ನೋಡಿದೆ. ಅರಿಶಿನವೇ. ಬೆಕ್ಕು ಕೂತಿರಬಹುದೇ ಎಂದು ನೆಲ ನೋಡಿದೆ. ಒಂದು ಹೆಜ್ಜೆ ಗುರುತೂ ಇರಲಿಲ್ಲ. ಬೆಕ್ಕಾಗಿದ್ದರೆ ವಡೆ ಬಿಡುತ್ತಿತ್ತೇ?

ಸುಮ ನನ್ನ ಹಿಂದೆ ನಿಂತು ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು. "ಅಮ್ಮ ಉಂಡಿಲ್ಲ ಕಣಪ್ಪ. ನೀನ್ ಬರ್ಲಿ ಅಂತ ಕಾಯ್ಕಂಡ್ ಕುಂತವ್ಳೆ."

ಅಲ್ಲೇ ನೆಲದ ಮಸಿಯಲ್ಲೇ ಕೂತು ಅತ್ತೆ. ನಾಚಿಕೆ ಏನಿಲ್ಲ ಹೇಳಿಕೊಳ್ಳಲು.

ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟರಿಗೆ ಹೇಳಿದೆ. ಗಾಳಿ ಸುಳಿಯುವ ರೀತಿ, ಹೆಂಚಿನ ಸಂದು ಎಂದೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಿದರು. ಇರಬಹುದು ಸಾರ್ ಎಂದೆ. ಮನೆಗೆ ಬಂದು ಮಣೆ ನೋಡಿದಾಗ ಅವರು ಹೇಳಿದ್ದು ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಅದು ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಫ್ಯಾಕ್ಟರಿ ಗೇಟಿಗೆ ಬೀಗ ಬಿತ್ತು. ಗಂಗಕ್ಕನಂಥವರ ಕೂಲಿಯೂ ಹೋಯಿತು, ಬೋರ್‌ವೆಲ್ ನೀರಿನ ವಾಸನೆ ಮಾತ್ರ ಹೋಗಲಿಲ್ಲ. ಊರಿಗೆ ಊರೇ ಕೆಮ್ಮುತ್ತದೆ, ನಾನೂ ಕೆಮ್ಮುತ್ತೇನೆ. ಡಾಕ್ಟರು ಎದೆಯ ಫೋಟೋ ತೆಗೆಸಿ, ಊರು ಬಿಡಿ ಎಂದರು. ಸುಮ ಸದಾಶಿವನಗರಕ್ಕೆ ಬಾ ಎಂದು ಕರೆಯುತ್ತಲೇ ಇದ್ದಾಳೆ. ಹೋದರೆ ಅವರಮ್ಮನಿಗೆ ಆ ಮನೆಯ ದಾರಿ ಯಾರು ಹೇಳಬೇಕು?

ಈ ವರ್ಷವೂ ಎಡೆ ಇಟ್ಟು ಬಾಗಿಲು ಮುಚ್ಚಿದೆವು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಹೊಟ್ಟೆ ಹಸಿದಿತ್ತು, ಆದರೂ ಕೆಮ್ಮುವ ಮನಸ್ಸಿರಲಿಲ್ಲ. ಅವಳು ಇನ್ನೊಂದು ಸ್ವಲ್ಪ ಹೊತ್ತು ಕೂತಿರಲಿ ಎಂದು ಟವೆಲನ್ನು ಬಾಯಿಗೆ ಒತ್ತಿ ಹಿಡಿದುಕೊಂಡೆ. ಎದೆಯೊಳಗಿನಿಂದ ಒತ್ತಿಕೊಂಡು ಬರುತ್ತಿತ್ತು. ಕಣ್ಣಲ್ಲಿ ನೀರು ಬರುವವರೆಗೂ ತಡೆದೆ, ಆಮೇಲೆ ನನ್ನ ಕೈಲಾಗಲಿಲ್ಲ, ಕೆಮ್ಮಿಬಿಟ್ಟೆ.